ಎಷ್ಟು ಗಂಟು ತಗದ್ರಿ?

ಗುದನಾಳದ ಕ್ಯಾನ್ಸರಿನ ಆಪರೇಶನ್ ಮುಗಿದೊಡನೆ ನಮ್ಮ ಕಡೆಯ ಮನೆಯವರು ಕೇಳುವುದು ಒಂದೇ: "ಗಂಟು ಎಲ್ಲಾ ತಗದ್ರೇನ್ರಿ ಸಾಹೇಬ್ರ?" ವರದಿಯಲ್ಲೂ ಸಂಖ್ಯೆಗೇ ಮಾನ. ಕನಿಷ್ಠ 12 ಗಂಟುಗಳನ್ನು, ಅಂದರೆ ದುಗ್ಧರಸ ಗ್ರಂಥಿಗಳನ್ನಾದರೂ ಪರೀಕ್ಷಿಸಿರಬೇಕು ಎನ್ನುತ್ತಾರೆ. ಅದು ರೋಗ ಎಲ್ಲಿಯವರೆಗೆ ಹಬ್ಬಿದೆ ಎಂದು ತಿಳಿಯುವ ಲೆಕ್ಕ. ಸರ್ಜನ್ನರ ಶೌರ್ಯದ ಲೆಕ್ಕವಾಗಿ ಅದನ್ನು ಓದುವುದು ತಪ್ಪು.

1908ರಲ್ಲಿ ಲಂಡನ್ನಿನ ಸರ್ಜನ್ ಅರ್ನೆಸ್ಟ್ ಮೈಲ್ಸ್ ಗುದನಾಳದ ಜೊತೆ ಗುದದ್ವಾರವನ್ನೂ ತೆಗೆದು, ಮಲಕ್ಕೆ ಹೊಟ್ಟೆಯ ಮೇಲೆ ಶಾಶ್ವತ ದಾರಿ ಮಾಡಿದರು. 1982ರಲ್ಲಿ ಸರ್ಜನ್ ಬಿಲ್ ಹೀಲ್ಡ್ ತೋರಿಸಿದ್ದು ಬೇರೆಯೇ ಜಾಣ್ಮೆ: ಗುದನಾಳವನ್ನು ಸುತ್ತಿದ ಕೊಬ್ಬಿನ ಹೊದಿಕೆಯನ್ನು ಒಳಗಿನ ಗ್ರಂಥಿಗಳ ಸಮೇತ, ಎಲ್ಲೂ ಹರಿಯದಂತೆ, ಇಡಿಯಾಗಿ ಬಿಡಿಸಿಕೊಳ್ಳುವುದು. ಈ ಶಸ್ತ್ರಚಿಕಿತ್ಸೆಯಲ್ಲಿ ಇದಕ್ಕಿಂತ ದೊಡ್ಡ ಹೆಜ್ಜೆ ನನಗೆ ಕಾಣುವುದಿಲ್ಲ.

ಜಗಳ ಇರುವುದು ಆ ಹೊದಿಕೆಯಾಚೆ, ಕಟಿಕುಹರದ ಅಕ್ಕಪಕ್ಕದ ಗೋಡೆಗೆ ಅಂಟಿದ ಗ್ರಂಥಿಗಳ ವಿಷಯದಲ್ಲಿ. ಜಪಾನಿನವರು ಅವನ್ನು ಕತ್ತರಿಸುತ್ತಾರೆ, ಪಶ್ಚಿಮದವರು ರೇಡಿಯೇಶನ್ ನಂಬುತ್ತಾರೆ. ಗ್ರಂಥಿ ಊದಿರದ 701 ರೋಗಿಗಳ ಮೇಲೆ ಜಪಾನಿನಲ್ಲಿ ನಡೆದ ಪ್ರಯೋಗದಲ್ಲಿ, ಅವನ್ನು ತೆಗೆದವರಲ್ಲಿ ಕಟಿಕುಹರದಲ್ಲೇ ರೋಗ ಮರುಕಳಿಸಿದ್ದು ಶೇ. 7.4, ಬಿಟ್ಟವರಲ್ಲಿ ಶೇ. 12.6. ಆಯುಷ್ಯ ಮಾತ್ರ ಹೆಚ್ಚಲಿಲ್ಲ. ಮೂತ್ರ, ಲೈಂಗಿಕತೆಯ ನರಗಳು ಅಲ್ಲೇ ಹಾದುಹೋಗುವಾಗ ಎಲ್ಲರಿಗೂ ಕೊಯ್ಯುವುದು ದುರಾಸೆಯೇ. ಹಾಗಂತ ರೇಡಿಯೇಶನ್ನೇ ಸಾಕೆಂಬ ಧೈರ್ಯವೂ ಪೊಳ್ಳು. 2019ರ ಅಂತರರಾಷ್ಟ್ರೀಯ ಅಧ್ಯಯನದಲ್ಲಿ, ಮೊದಲ ಎಂಆರ್‌ಐನಲ್ಲಿ 7 ಮಿ.ಮೀ. ಅಥವಾ ಹೆಚ್ಚು ಇದ್ದ ಪಕ್ಕದ ಗ್ರಂಥಿಗಳನ್ನು ರೇಡಿಯೇಶನ್ನಿನ ನಂತರ ಹಾಗೇ ಬಿಟ್ಟಾಗ ಶೇ. 19.5ರಷ್ಟು ಮಂದಿಯಲ್ಲಿ ರೋಗ ಅಲ್ಲೇ ಮರಳಿತು, ತೆಗೆದಾಗ ಶೇ. 5.7. ಚಾಕುವಿಗಿಂತ ಮೊದಲು ಎಂಆರ್‌ಐ ಓದುವ ಕಣ್ಣು ಬೇಕು.

ಗುದದ್ವಾರದ ಕ್ಯಾನ್ಸರಿನ ದಾರಿಯೇ ಬೇರೆ, ಅದು ತೊಡೆಸಂದಿಗೆ ಇಳಿಯುತ್ತದೆ. 1974ರಲ್ಲಿ ಸರ್ಜನ್ ನಾರ್ಮನ್ ನೈಗ್ರೊ ಔಷಧಿ, ರೇಡಿಯೇಶನ್ ಎರಡನ್ನೂ ಕೂಡಿಸಿದ ಮೇಲೆ ಅಲ್ಲಿ ಚಾಕು ಹಿಂದೆ ಸರಿಯಿತು. ತೊಡೆಸಂದಿಗೂ ಕಿರಣ ಕೊಟ್ಟು, ಉಳಿದ ಅಥವಾ ಮರಳಿದ ಗಂಟನ್ನಷ್ಟೇ ಕೊಯ್ಯುವುದು ಸರಿ. ಯಾಕೆಂದರೆ ಆ ಕೊಯ್ತದ ನಂತರ ಕಾಲು ಬಾತು ನಿಲ್ಲಬಹುದು. ಇಳಕಲ್ಲಿನ ಕುಣಿಮಗ್ಗದಲ್ಲಿ ಕಾಲಿನಿಂದ ತುಳಿದೇ ಸೀರೆ ನೇಯುವವರಿಗೆ ಅದು ಅನ್ನದ ಪ್ರಶ್ನೆ.

ಆದರೆ ನಮ್ಮಲ್ಲಿ ತೀರ್ಮಾನ ಬಸ್ಸಿನ ಮೇಲೂ ನಿಂತಿರುತ್ತದೆ. ಐದಾರು ವಾರ ರೇಡಿಯೇಶನ್ ಎಂದರೆ ಬಾದಾಮಿ, ಹುನಗುಂದದ ಹಳ್ಳಿಯವರು ಬಾಗಲಕೋಟೆಯಲ್ಲೋ ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಯಲ್ಲೋ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲೋ ಠಿಕಾಣಿ ಹೂಡಬೇಕು. "ಒಮ್ಮೆ ಕೊಯ್ದು ಮುಗಿಸಿಬಿಡ್ರಿ" ಎಂಬ ಮಾತು ಹುಟ್ಟುವುದು ಇಲ್ಲೇ. ಆಯುಷ್ಮಾನ್ ಕಾರ್ಡು ಚಿಕಿತ್ಸೆಯ ಖರ್ಚು ಹೊತ್ತೀತು, ಕೂಲಿ ತಪ್ಪಿದ ವಾರಗಳನ್ನಲ್ಲ. ಅದಕ್ಕೂ ಮುಂಚೆ, ರಕ್ತ ಹೋದವರನ್ನೆಲ್ಲ ಬೆರಳು ಹಾಕಿ ನೋಡದೆಯೇ ಮೂಲವ್ಯಾಧಿ ಎಂದು ತಿಂಗಳುಗಟ್ಟಲೆ ಮುಲಾಮು ಬರೆದುಕೊಡುವ ಚಾಳಿ ಇನ್ನೂ ಹೋಗಿಲ್ಲ.