ಭೋಗದ ನಡುವೆ ಶೀಲ: ರತ್ನಾಕರವರ್ಣಿಯ ಭರತನನ್ನು ಕುರಿತು

ಫಲದ ಆಸೆಯಿಲ್ಲದಿದ್ದರೆ ಮನುಷ್ಯನು ಸದಾಚಾರಿಯಾಗಿ ಏಕೆ ಬಾಳಬೇಕು? ಹದಿನೇಳನೆಯ ಶತಮಾನದ ಯುರೋಪನ್ನು ಈ ಪ್ರಶ್ನೆ ಬಹುವಾಗಿ ಕಲಕಿತು. 1682ರಲ್ಲಿ ಪಿಯೆರ್ ಬೇಲ್, ಧೂಮಕೇತುವನ್ನು ನೆಪವಾಗಿಟ್ಟುಕೊಂಡು ಬರೆದ ಗ್ರಂಥದಲ್ಲಿ, ದೇವರನ್ನು ನಂಬದವರ ಸಮಾಜವೂ ನೀತಿಯಿಂದ ನಡೆಯಬಲ್ಲುದೆಂದು ವಾದಿಸಿದನು. ಸ್ಪಿನೋಜಾ, 1677ರಲ್ಲಿ ಮರಣಾನಂತರ ಪ್ರಕಟವಾದ ತನ್ನ ನೀತಿಗ್ರಂಥದ ಕೊನೆಯಲ್ಲಿ, ಪರಮಾನಂದವನ್ನು ಶೀಲಕ್ಕೆ ದೊರೆಯುವ ಬಹುಮಾನವೆಂದು ಎಣಿಸದೆ ಎರಡನ್ನೂ ಒಂದೇ ಎಂದು ಕಂಡಿದ್ದನು. ಸೃಷ್ಟಿಕರ್ತನನ್ನೂ ಫಲದಾತನನ್ನೂ ಒಪ್ಪದ ಜೈನದರ್ಶನಕ್ಕೆ ಈ ವಿಚಾರ ಅಪರಿಚಿತವಲ್ಲ. ಕುಂದಕುಂದಾಚಾರ್ಯರು ಸಮಯಸಾರದಲ್ಲಿ ಪುಣ್ಯಕರ್ಮವನ್ನೂ ಚಿನ್ನದ ಸಂಕೋಲೆಗೆ ಹೋಲಿಸಿದ್ದಾರೆ. ಪುಣ್ಯವೂ ಬಂಧನವೇ ಆದರೆ ಶೀಲವು ಯಾವುದಕ್ಕಾಗಿ?

ಇದಕ್ಕೆ ಕನ್ನಡದಲ್ಲಿ ಕಾವ್ಯರೂಪದ ಉತ್ತರವಿತ್ತವನು, ಆ ಇಬ್ಬರಿಗಿಂತ ಸುಮಾರು ಒಂದು ಶತಮಾನ ಹಿಂದಿನ, ಮೂಡಬಿದಿರೆಯ ರತ್ನಾಕರವರ್ಣಿ. ಅವನ ಸಾಂಗತ್ಯಕಾವ್ಯ ‘ಭರತೇಶ ವೈಭವ’ದ ಚಕ್ರವರ್ತಿಯು ಷಟ್ಖಂಡವನ್ನಾಳುತ್ತ, ಅಂತಃಪುರದ ಸುಖವನ್ನು ಸವಿಯುತ್ತ, ಆ ನಡುವೆಯೇ ಕಣ್ಮುಚ್ಚಿ ಆತ್ಮಧ್ಯಾನದಲ್ಲಿ ನೆಲೆನಿಲ್ಲಬಲ್ಲನು. ಭೋಗವಿಜಯದಿಂದ ತೊಡಗುವ ಕಾವ್ಯವು ಯೋಗವಿಜಯದ ಮೂಲಕ ಮೋಕ್ಷವಿಜಯಕ್ಕೆ ಸಾಗುತ್ತದೆ. ವಸ್ತುವನ್ನು ಬಿಟ್ಟೋಡುವುದಕ್ಕಿಂತ ಅದಕ್ಕೆ ಅಂಟದಿರುವುದೇ ಶೀಲದ ತಿರುಳೆಂಬುದು ಕವಿಯ ನಿಲುವು. ಗೃಹಸ್ಥನಿಗೆ ಇಷ್ಟು ಧೈರ್ಯ ತುಂಬುವ ಕಾವ್ಯ ಕನ್ನಡದಲ್ಲಿ ವಿರಳ.

ಆದರೂ ಒಂದು ಕೊರತೆಯನ್ನು ಹೇಳಲೇಬೇಕು. ಪಂಪನ ಆದಿಪುರಾಣದಲ್ಲಿ ಭರತನು ದೃಷ್ಟಿ, ಜಲ, ಮಲ್ಲ ಎಂಬ ಮೂರು ಯುದ್ಧಗಳಲ್ಲಿಯೂ ಸೋತು, ಕ್ರೋಧಾಂಧನಾಗಿ ತಮ್ಮನ ಮೇಲೆ ಚಕ್ರವನ್ನು ಪ್ರಯೋಗಿಸುತ್ತಾನೆ. ಚಕ್ರವು ಬಾಹುಬಲಿಯನ್ನು ಬಲವಂದು ನಿಲ್ಲುತ್ತದೆ; ಅಣ್ಣನ ಪಾಲಿಗೆ ಉಳಿಯುವುದು ನಾಚಿಕೆ. ರತ್ನಾಕರನು ಈ ಯುದ್ಧವನ್ನೇ ಕೈಬಿಟ್ಟು, ಭರತನು ಮೃದುವಚನದಿಂದಲೇ ತಮ್ಮನನ್ನು ಗೆದ್ದಂತೆ ಚಿತ್ರಿಸಿದನು. ಅಹಿಂಸೆಯ ದೃಷ್ಟಿಯಿಂದ ಇದು ರಮ್ಯವಾದ ಮಾರ್ಪಾಡು. ಆದರೆ ಎಂದೂ ಜಾರದವನ ಶೀಲವು ಎಷ್ಟು ಗಟ್ಟಿಯೆಂದು ತಿಳಿಯುವ ಬಗೆ ಯಾವುದು? ಬಯಸಿದ್ದೆಲ್ಲ ಕೈಸೇರುವವನಿಗೆ ನಿರ್ಲೇಪತೆ ಅಷ್ಟೇನೂ ದುಬಾರಿಯಲ್ಲ. ಎಡವಿದ ಪಂಪನ ಭರತನೇ ಸಾಮಾನ್ಯ ಓದುಗನಿಗೆ ಹೆಚ್ಚು ಹತ್ತಿರದವನು.

ಕಾವ್ಯವು ಬಿಟ್ಟುದನ್ನು ಶ್ರಾವಕಾಚಾರವು ಕೈಗೆತ್ತಿಕೊಳ್ಳುತ್ತದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಚೌರ್ಯಾಣುವ್ರತದ 5 ಅತಿಚಾರಗಳಲ್ಲಿ ಅಳತೆ-ತೂಕದ ಮೋಸವನ್ನೂ ಕಲಬೆರಕೆಯನ್ನೂ ಹೆಸರಿಸಿದೆ. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯಂಥ ತೆಂಗಿನ ಸೀಮೆಯ ಊರಿನಲ್ಲಿ ಇದರ ಅರ್ಥ ಬಹು ಸ್ಪಷ್ಟ. ಬಲಿತ ಕಾಯಿಯು ಅಟ್ಟದ ಮೇಲೆ ಹೆಚ್ಚುಕಡಿಮೆ ಒಂದು ವರ್ಷ ಕುಳಿತು, ಒಳಗಿನ ನೀರು ಇಂಗಿ, ಕರಟದಿಂದ ಬಿಟ್ಟು ಅಲ್ಲಾಡತೊಡಗಿದ ಮೇಲೆಯೇ ಉಂಡೆ ಕೊಬ್ಬರಿಯಾಗುವುದು. ಪೂರ್ತಿ ಒಣಗದ ಕೊಬ್ಬರಿ ತೂಕದಲ್ಲಿ ಹೆಚ್ಚು ನಿಲ್ಲುತ್ತದೆ; ಒಳಗಿನ ಬೂಷ್ಟು ಒಡೆಯುವತನಕ ಕಾಣುವುದಿಲ್ಲ. ಒಡೆಯುವ ಹೊತ್ತಿಗೆ ಅದು ಯಾರ ಅಟ್ಟದ್ದೆಂದು ಹೇಳುವವರಾರು? ಸಾಲದ ಕಂತು ಎದುರಿಗಿರುವಾಗ ಇನ್ನೆರಡು ತಿಂಗಳು ಕಾಯುವ ಗೃಹಸ್ಥನಿಗೆ ಸ್ವರ್ಗದ ಭರವಸೆಯನ್ನು ಯಾರೂ ಕೊಟ್ಟಿಲ್ಲ. ಲೋಭವೆಂಬ ಕಷಾಯವು ಅವನಲ್ಲಿ ಅಷ್ಟರಮಟ್ಟಿಗೆ ತೆಳುವಾಗುತ್ತದೆ. ಜೈನ ನೀತಿಯ ಪ್ರಕಾರ ಶೀಲದ ಪ್ರಯೋಜನವು ಅದೇ, ಮತ್ತು ಅದು ಆ ಕ್ಷಣದಲ್ಲಿಯೇ ನಡೆಯುತ್ತದೆ.

ರತ್ನಾಕರನಿಗೆ ಈ ತೊಳಲಾಟ ತಿಳಿದಿರಲಿಲ್ಲವೆನ್ನುವಂತಿಲ್ಲ. ಅವನ ‘ರತ್ನಾಕರಾಧೀಶ್ವರ ಶತಕ’ದಲ್ಲಿ ಸಂಸಾರದ ಬೇಗೆಯೂ ಮನಸ್ಸಿನ ಚಾಂಚಲ್ಯವೂ ಮುಚ್ಚುಮರೆಯಿಲ್ಲದೆ ಮಾತಾಡುತ್ತವೆ. ಭರತನಿಗೆ ದಕ್ಕದ ಆ ದನಿಯನ್ನು ಕವಿ ತನಗಾಗಿ ಉಳಿಸಿಕೊಂಡಂತಿದೆ. ಮಹಾಕಾವ್ಯವನ್ನೋದಿದವರು ಶತಕವನ್ನು ಬದಿಗಿಡುವ ರೂಢಿಯಿಂದ ಇಬ್ಬರಿಗೂ, ಭರತನಿಗೂ ಕವಿಗೂ, ಅನ್ಯಾಯವಾಗಿದೆ.