ಗೀಸರಿನ ವಯಸ್ಸು ಕೇಳಬೇಡಿ

ಮಂಡ್ಯ ಸೀಮೆಯಲ್ಲಿ ಕೋಣೆ ಬಿಸಿ ಮಾಡುವ ಹೀಟರ್ ಇಟ್ಟುಕೊಂಡವರು ಅಪರೂಪ. ಧನುರ್ಮಾಸದ ಚಳಿಯಲ್ಲೂ ನಮಗೆ ಬಿಸಿ ಬೇಕಾಗುವುದು ಬಚ್ಚಲಲ್ಲಿ. ಹಾಗಾಗಿ ರಿಪೇರಿಯೋ ಹೊಸದೋ ಎಂಬ ಜಗಳ ಇಲ್ಲಿ ಹುಟ್ಟುವುದು ಗೀಸರ್ ಕೆಟ್ಟ ದಿನ. ತೀರ್ಪು ಮೊದಲೇ ಬರೆದಿಟ್ಟ ಹಾಗೆ ಇರುತ್ತದೆ: “ಐದು ವರ್ಷ ಆದ್ಮೇಲೆ ಅದ್ಕೆ ಕಾಸು ಸುರೀಬ್ಯಾಡ ಕಣಣ್ಣ, ಹೊಸದು ತಕ್ಕಂಡ್ಬುಡು. ಕರೆಂಟೂ ಉಳೀತದೆ.” ಅಂಗಡಿಯವರಿಂದ ಹಿಡಿದು ಅಳಿಯನವರೆಗೆ ಎಲ್ಲರದೂ ಇದೇ ಮಾತು. ಅದರೊಳಗೆ ಎರಡು ನಂಬಿಕೆಗಳಿವೆ. ಎರಡನ್ನೂ ಬಡಿದು ನೋಡಿದರೆ ಟೊಳ್ಳು ಸದ್ದು ಬರುತ್ತದೆ.

ಮೊದಲು ಕರೆಂಟಿನ ಮಾತು. ಹದಿನೈದು ಲೀಟರ್ ನೀರನ್ನು 25 ಡಿಗ್ರಿಯಿಂದ 55 ಡಿಗ್ರಿಗೆ ಕಾಯಿಸಲು ಹೆಚ್ಚುಕಡಿಮೆ ಅರ್ಧ ಯೂನಿಟ್ ಬೇಕು. ಗೀಸರ್ ನಿನ್ನೆ ಕೊಂಡದ್ದಾಗಲಿ, ಹತ್ತು ವರ್ಷದ ಹಿಂದಿನದಾಗಲಿ, ಈ ಲೆಕ್ಕ ಬದಲಾಗದು; ಕಾಯಿಲ್‌ಗೆ ಹೋದ ಕರೆಂಟೆಲ್ಲ ಶಾಖವೇ ಆಗುತ್ತದೆ. ಡಬ್ಬಿಯ ಮೇಲಿನ ನಕ್ಷತ್ರಗಳು ಹೇಳುವುದು ಬೇರೆ ಸಂಗತಿ: ಕಾದ ನೀರು ಟ್ಯಾಂಕಿನಲ್ಲೇ ನಿಂತರೆ ದಿನಕ್ಕೆ ಎಷ್ಟು ಶಾಖ ಸೋರುತ್ತದೆ ಎಂಬುದು. ಹಗಲೂ ರಾತ್ರಿ ಸ್ವಿಚ್ ಹಾಕಿಯೇ ಬಿಡುವ ಮನೆಗೆ ಅದು ಮುಖ್ಯ. ಬೆಳಿಗ್ಗೆ ಕಾಲು ಗಂಟೆ ಹಾಕಿ, ಮಿಂದು, ಆರಿಸುವವರಿಗೆ ಅದರಿಂದ ಉಳಿಯುವುದು ಚಿಲ್ಲರೆ. ತಮಾಷೆಯೆಂದರೆ, 2023ರಿಂದ ಗೃಹಜ್ಯೋತಿಯ ಮಿತಿಯೊಳಗೆ ಬಿಲ್ಲೇ ಕಟ್ಟದ ಮನೆಗಳೂ ಕರೆಂಟು ಉಳಿಸಲೆಂದು ಸಾವಿರಗಟ್ಟಲೆ ಕೊಟ್ಟು ಹೊಸದು ತರುತ್ತವೆ.

ಇನ್ನು ಐದು ವರ್ಷದ ಲೆಕ್ಕ. ನಾಗಮಂಗಲದ ಹತ್ತಿರದ ನಮ್ಮೂರ ಮನೆಗೂ ಶ್ರೀರಂಗಪಟ್ಟಣದ ಅಕ್ಕನ ಮನೆಗೂ ಒಂದೇ ದಿನ, ಒಂದೇ ಮಾದರಿಯ ಗೀಸರ್ ತಂದಿದ್ದೆವು. ಅಕ್ಕನದು ಇವತ್ತಿಗೂ ತಕರಾರಿಲ್ಲದೆ ಕಾಯುತ್ತಿದೆ. ನಮ್ಮದು ಮೂರನೇ ವರ್ಷಕ್ಕೇ ಕೈಕೊಟ್ಟಿತು. ರಿಪೇರಿಯವನು ತಳದ ಬೋಲ್ಟ್ ಬಿಚ್ಚಿ ಕಾಯಿಲ್ ಎಳೆದಾಗ ಅದು ತಾಮ್ರದ್ದೆಂದು ಗುರುತೇ ಸಿಗಲಿಲ್ಲ. ಬೆರಳು ದಪ್ಪದ ಬಿಳೀ ಗಾರೆ ಸುತ್ತಿಕೊಂಡಿತ್ತು. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದ, ಸುಣ್ಣದ ಹಕ್ಕಳೆಯಂತೆ ಉದುರಿತು. “ಗೀಸರ್‌ನ ಬಯ್ಬೇಡಿ ಅಣ್ಣ, ನೀರಿನ್ ತಪ್ಪು ಇದು” ಅಂದ.

ಅವನ ಮಾತೇ ಈ ಇಡೀ ಪ್ರಶ್ನೆಗೆ ಉತ್ತರ. ಶ್ರೀರಂಗಪಟ್ಟಣದ ಅಕ್ಕನ ನಲ್ಲಿಯಲ್ಲಿ ಬರುವುದು ಕಾವೇರಿ. ನಮ್ಮದು ಆಳದ ಬೋರಿನ ಗಡಸು ನೀರು. ಪಾಂಡವಪುರದ ಗದ್ದೆಗೆ ವಿಶ್ವೇಶ್ವರಯ್ಯ ನಾಲೆ, ಕೆ.ಆರ್. ಪೇಟೆಯ ಗದ್ದೆಗೆ ಹೇಮಾವತಿ ಹರಿದರೂ, ಎಷ್ಟೋ ಊರುಗಳ ಬಚ್ಚಲಿಗೆ ಬರುವುದು ಬೋರಿನ ನೀರೇ. ಬಿಸಿ ಹೆಚ್ಚಿದಷ್ಟೂ ಗಾರೆ ಬೇಗ ಕಟ್ಟುತ್ತದೆ. ಗಾರೆ ಕಟ್ಟಿದ ಕಾಯಿಲ್ ತನ್ನ ಶಾಖ ನೀರಿಗೆ ಬಿಡಲಾಗದೆ ಒಳಗೇ ಬೆಂದು ಸುಡುತ್ತದೆ. ಹೊಸ ಗೀಸರ್ ತಂದರೂ ಅದೇ ನೀರು, ಅದೇ ಗತಿ. ನಾವು ಕಾಯಿಲ್, ಥರ್ಮೋಸ್ಟಾಟ್ ಬದಲಿಸಿದೆವು. ಕೂಲಿಯೂ ಸೇರಿ ಹೊಸದರ ಬೆಲೆಯ ಕಾಲುಭಾಗವೂ ಆಗಲಿಲ್ಲ.

ಹಾಗೆಂದು ರಿಪೇರಿಯೇ ಪುಣ್ಯವೆನ್ನುವವರ ಪಕ್ಷವೂ ನನ್ನದಲ್ಲ. ಟ್ಯಾಂಕೇ ತುಕ್ಕು ತಿಂದು ಸೋರಿದರೆ ಬೆಸುಗೆ ಹಾಕಿಸುವುದು ದಂಡ. ಒಳಗಿನ ಲೇಪ ಹೋದ ಮೇಲೆ ಇನ್ನೊಂದು ಕಡೆ ತೂತು ಬೀಳುತ್ತದೆ. ಬಕೆಟ್ಟಿಗೆ ಇಳಿಬಿಡುವ ರಾಡ್ ಸೀಳಿದರೆ ತೇಪೆ ಬೇಡವೇ ಬೇಡ: ಒಳಗಿನ ಕರೆಂಟು ನೀರಿಗಿಳಿದರೆ ಜೀವವೇ ಹೋದೀತು. ಅರ್ತಿಂಗ್ ಇಲ್ಲದ ಮನೆಯಲ್ಲಂತೂ ಹಳೆಯದು ಹೊಸದು ಎನ್ನುವ ಮೊದಲು ಅದನ್ನು ಸರಿಮಾಡಿಸಬೇಕು.

ಟ್ಯಾಂಕಿನೊಳಗೆ ಮೆಗ್ನೀಸಿಯಂ ಕಡ್ಡಿಯೊಂದಿರುತ್ತದೆ. ತಾನು ಸವೆದು ಟ್ಯಾಂಕನ್ನು ತುಕ್ಕಿನಿಂದ ಕಾಯುವುದು ಅದರ ಕೆಲಸ. ಅದು ಕರಗಿಹೋದದ್ದನ್ನು ನೋಡುವವರಿಲ್ಲದೆ ಟ್ಯಾಂಕು ಸಾಯುತ್ತದೆ. ನಾವು “ವಯಸ್ಸಾಯ್ತು” ಅನ್ನುತ್ತೇವೆ.

ನಮ್ಮಜ್ಜಿಯ ಬಚ್ಚಲಿನ ತಾಮ್ರದ ಹಂಡೆಯಲ್ಲೂ ಇದೇ ಗಾರೆ ಕಟ್ಟುತ್ತಿತ್ತು. ಹಬ್ಬ ಬಂತೆಂದರೆ ಹುಣಸೆಹುಳಿ ಹಾಕಿ ಉಜ್ಜುತ್ತಿದ್ದಳು. ಹಂಡೆಗೆ ಎಷ್ಟು ವರ್ಷವಾಯಿತೆಂದು ಕೇಳಿದವರಿಲ್ಲ. ಈಗ ನಮ್ಮ ಮನೆಯಲ್ಲೂ ಯುಗಾದಿಗೆ ಮುಂಚೆ ರಿಪೇರಿಯವನು ಬರುತ್ತಾನೆ, ಕಾಯಿಲ್ ಬಿಚ್ಚಿ ಗಾರೆ ತೆಗೆಯುತ್ತಾನೆ, ಕಡ್ಡಿ ನೋಡುತ್ತಾನೆ. ಥರ್ಮೋಸ್ಟಾಟ್ 50 ಡಿಗ್ರಿ ದಾಟಿಸುವುದಿಲ್ಲ. ಎಂಟನೇ ವರ್ಷ ನಡೆಯುತ್ತಿದೆ. ಟ್ಯಾಂಕು ಸೋರಿದ ದಿನ ಹೊಸದು ತರುತ್ತೇನೆ, ಅದಕ್ಕೆ ಮುಂಚೆಯಲ್ಲ.