ಕನ್ನಡ ವಿಜ್ಞಾನಪತ್ರಿಕೆಗಳ ಅಧಿಕಾರಿವಿಚಾರ

ಶಾಸ್ತ್ರಗ್ರಂಥವೊಂದನ್ನು ಆರಂಭಿಸುವಾಗ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳನ್ನು ಮೊದಲು ನಿರೂಪಿಸುವುದು ನಮ್ಮ ಪೂರ್ವಿಕರ ಸಂಪ್ರದಾಯ. ಇಲ್ಲಿ ಅಧಿಕಾರಿಯೆಂದರೆ ಕಚೇರಿಯ ಉದ್ಯೋಗಸ್ಥನಲ್ಲ. ಗ್ರಂಥವನ್ನು ಓದಿ ಅದರ ಫಲವನ್ನು ಪಡೆಯತಕ್ಕವನು. ಲಾಭಾಪೇಕ್ಷೆಯಿಲ್ಲದೆ ಲೋಕಹಿತಕ್ಕಾಗಿ ಹೊರಟ ಕನ್ನಡ ವಿಜ್ಞಾನಪತ್ರಿಕೆಗಳನ್ನು ಈ ಕ್ರಮದಿಂದ ಪರೀಕ್ಷಿಸಿದರೆ, ವಿಷಯಪ್ರಯೋಜನಗಳಲ್ಲಿ ಅವು ನಿರ್ದುಷ್ಟವಾಗಿಯೂ ಅಧಿಕಾರಿನಿರ್ಣಯದಲ್ಲಿ ನ್ಯೂನವಾಗಿಯೂ ತೋರುತ್ತವೆ.

ಕರ್ನಾಟಕ ವಿಜ್ಞಾನ ಪ್ರಚಾರಿಣೀ ಸಮಿತಿಯ 'ವಿಜ್ಞಾನ' ಮಾಸಪತ್ರಿಕೆಯು ಬೆಳ್ಳಾವೆ ವೆಂಕಟನಾರಣಪ್ಪನವರ ಮತ್ತು ನಂಗಪುರಂ ವೆಂಕಟೇಶಯ್ಯಂಗಾರ್ಯರ ಸಂಪಾದಕತ್ವದಲ್ಲಿ 1918ರಲ್ಲಿ ಬೆಂಗಳೂರಿನಿಂದ ಹೊರಟು, ಎರಡು ವರ್ಷಗಳಲ್ಲಿ ನಿಂತಿತು. ಭೌತವಿಜ್ಞಾನದ ಅಧ್ಯಾಪಕರಾಗಿದ್ದ ಬೆಳ್ಳಾವೆಯವರು ಈ ಶಾಸ್ತ್ರಗಳು ಕನ್ನಡಕ್ಕೂ ಸಲ್ಲುವುವೆಂಬುದನ್ನು ಸಿದ್ಧಪಡಿಸಿದರು. ಅದು ಅಲ್ಪವಾದ ಸಿದ್ಧಿಯಲ್ಲ. ಆದರೆ ಆಗ ಕನ್ನಂಬಾಡಿಯ ಕಟ್ಟೆಯ ಕೆಲಸವು ಇನ್ನೂ ಸಾಗುತ್ತಿತ್ತು. 1930ರ ದಶಕದಲ್ಲಿ ಇರ್ವಿನ್ ನಾಲೆಯ, ಎಂದರೆ ಈಗಿನ ವಿಶ್ವೇಶ್ವರಯ್ಯ ನಾಲೆಯ, ನೀರು ಮಂಡ್ಯ, ಮದ್ದೂರು, ಮಳವಳ್ಳಿಗಳ ಸೀಮೆಗೆ ಹರಿಯಿತು. 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿಯು ಸ್ಥಾಪಿತವಾಯಿತು. ರಾಗಿಯ ಹೊಲಗಳು ಕಬ್ಬು ಬತ್ತಗಳ ಗದ್ದೆಗಳಾದುವು. ಹೊಸ ತಿಳಿವಳಿಕೆಯು ರೈತನಿಗೆ ಅತ್ಯವಶ್ಯವಾದ ಆ ಕಾಲಕ್ಕೆ ಆ ಪತ್ರಿಕೆ ಇರಲಿಲ್ಲ.

ನಾಲೆಯೊಡನೆ ಬರುವ ತೊಡಕೊಂದನ್ನು ವಾಚಕರು ಪರ್ಯಾಲೋಚಿಸಬೇಕು. ಬಸಿಗಾಲುವೆಯಿಲ್ಲದ ತಗ್ಗುಗದ್ದೆಯಲ್ಲಿ ನೀರು ಸದಾ ನಿಂತರೆ ಅಂತರ್ಜಲವು ಮೇಲೇರುತ್ತದೆ. ಅದರಲ್ಲಿ ಕರಗಿದ ಲವಣಗಳು ಮಣ್ಣಿನ ಸೂಕ್ಷ್ಮರಂಧ್ರಗಳ ಮೂಲಕ ಮೇಲಕ್ಕೆ ಬಂದು, ನೀರು ಆವಿಯಾದ ಬಳಿಕ ನೆಲದ ಮೇಲೆ ಬೆಳ್ಳಗೆ ಉಳಿಯುತ್ತವೆ. ರೈತನು ಇದನ್ನು ಚೌಳು ಎನ್ನುತ್ತಾನೆ. ಅಂತಹ ನೆಲದ ಕಬ್ಬಿನಿಂದ ಆಲೆಮನೆಯಲ್ಲಿ ತೆಗೆದ ಬೆಲ್ಲವೂ ಉಪ್ಪುಗೂಡಿ ಬೆಲೆಗೆಡುತ್ತದೆ. ಇದನ್ನು ಬೋಧಿಸುವ ಲೇಖಕನು 'ಕ್ಷಾರಮೃತ್ತಿಕೆ' ಎಂದು ತೊಡಗಿದರೆ, ಚೌಳನ್ನು ದಿನವೂ ತುಳಿಯುವವನು ಅದು ತನ್ನ ಗದ್ದೆಯ ಮಾತೆಂದು ಅರಿಯನು. ಯೋಗಾರ್ಥಕ್ಕಿಂತ ರೂಢಾರ್ಥವು ಬಲವತ್ತರವೆಂಬುದು ಮೀಮಾಂಸಕರ ನಿರ್ಣಯ.

ಸಂಸ್ಕೃತಪರಿಭಾಷೆಯು ತ್ಯಾಜ್ಯವೆಂಬುದು ಇದರ ತಾತ್ಪರ್ಯವಲ್ಲ; ನಾಡಮಾತಿಲ್ಲದ ಕಡೆ ಅದು ಬೇಕೇ ಬೇಕು. ಆಮ್ಲಗಳಿಗೆಲ್ಲ ಕಾರಣವೆಂದು ಲವಾಸಿಯೆ ಭಾವಿಸಿದ್ದ ಅನಿಲಕ್ಕೆ 'ಆಮ್ಲಜನಕ'ವೆಂದು ಹೆಸರಾಯಿತು. ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಅದು ಇಲ್ಲವೆಂದು ತಿಳಿದ ಮೇಲೆ ಆ ಮತವು ಬಿದ್ದುಹೋದರೂ ಪದವು ರೂಢಿಯ ಬಲದಿಂದ ನಿಂತಿದೆ. ದುರ್ಬಲವಾದ ವ್ಯುತ್ಪತ್ತಿಯನ್ನೂ ರೂಢಿಯು ಕಾಪಾಡುವಾಗ, ಸಮರ್ಥವಾದ ನಾಡಮಾತನ್ನು ತಳ್ಳುವುದು ಯುಕ್ತವೆ?

1978ರಲ್ಲಿ ಮೊದಲಾಗಿ, 1980ರಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ಆಶ್ರಯದಲ್ಲಿ ಬೆಳೆದ 'ಬಾಲವಿಜ್ಞಾನ'ವು ಹೆಸರಿನಲ್ಲಿಯೇ ಅಧಿಕಾರಿಯನ್ನು ನಿರ್ದೇಶಿಸಿತು. ಬಾಲಕನು ಓದುಗನೆಂದು ನಿಶ್ಚಯವಾದೊಡನೆ ಎಂತಹ ಮಾತು, ಎಂತಹ ಉದಾಹರಣೆ ಎಂಬುದೂ ನಿಶ್ಚಯವಾಗುತ್ತದೆ. ಗದ್ದೆಯಲ್ಲಿರುವ ವಯಸ್ಕನಿಗೂ ಇಂತಹ ನಿರ್ದೇಶವು ಬೇಕು. ಗೊಬ್ಬರವನ್ನು ಮಾರುವವನು ಕಡಮೆ ಗೊಬ್ಬರ ಹಾಕೆಂದು ಹೇಳಲಾರನು. ನೀರನ್ನು ಮಿತವಾಗಿ ಕಟ್ಟು, ಬಸಿಗಾಲುವೆಯನ್ನು ತೋಡು ಎಂಬ ಉಪದೇಶದಿಂದ ಯಾವ ವರ್ತಕನಿಗೂ ಲಾಭವಿಲ್ಲ. ಅದನ್ನು ನಿರ್ಭಯವಾಗಿ ಹೇಳಬಲ್ಲುದು ವ್ಯಾಪಾರದ ಹಂಗಿಲ್ಲದ ಪತ್ರಿಕೆ. ಅದೂ ಅರ್ಥವಾಗದ ನುಡಿಯಲ್ಲಿ ಹೇಳಿದರೆ, ಹೇಳಿಯೂ ಹೇಳದಂತೆಯೇ ಸರಿ.